ಅವ್ವನ ನೆರಳಿನಲ್ಲಿ ಕಂಡ ಸೀರೆಗಳು

ತಾಂಡೂರಿನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ನಾನು ನಲವತ್ತರ ಹತ್ತಿರ ಬಂದಾಗ ಚಿತ್ರ ಕಲಿಯಲು ಹೊರಟೆ. ಪ್ರತಿ ಭಾನುವಾರ ಬೆಳಗಿನ ರೈಲಿಗೆ ಹೈದರಾಬಾದ್, ಸಂಜೆಯ ರೈಲಿಗೆ ವಾಪಸು. ಅಲ್ಲಿ ನಮಗೆ ಕಲಿಸುತ್ತಿದ್ದ ಹಿರಿಯ ಕಲಾವಿದೆ, ಪೇಟೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೇ ಬರೆಯಿರಿ ಎನ್ನುತ್ತಿದ್ದರು.

ನಾನು ಆರಿಸಿಕೊಂಡದ್ದು ಸೀರೆ ಅಂಗಡಿಯೊಂದರ ದೊಡ್ಡ ಗಾಜು. ಒಳಗೆ ಗೊಂಬೆಗಳಿಗೆ ಉಡಿಸಿದ ಸೀರೆಗಳು, ಮೇಲೆ ಬಸ್ಸು, ಆಟೊ, ಮೆಟ್ರೊ ಕಂಬಗಳ ಪ್ರತಿಬಿಂಬ. ಎರಡನ್ನೂ ಒಂದರ ಮೇಲೊಂದು ಬರೆದೆ. ಮೇಡಂ ಬಹಳ ಹೊತ್ತು ನೋಡಿ, ಎರಡು ಚಿತ್ರ ಅಂಟಿಸಿದ ಹಾಗಿದೆ, ಗಾಜೆಲ್ಲಿ ಎಂದು ತೆಲುಗಿನಲ್ಲಿ ಕೇಳಿದರು. ಮತ್ತೆ ಬರೆದೆ. ಮೂರನೆಯದೂ ಕೆಟ್ಟಿತು. ಹೂಕುಂಡ ಬರಿ, ಸಲೀಸು ಎಂದು ಜೊತೆಯವರು ಹೇಳಿದರು. ನಾಲ್ಕನೆಯ ಕ್ಯಾನ್ವಾಸ್ ಕೊಂಡು ತಂದೆ.

ಆ ಹೊತ್ತಿಗೆ ಅಕ್ಕನ ಮಗಳ ಮದುವೆ ಗೊತ್ತಾಯಿತು. ಸೀರೆ ಆರಿಸಲು ನಮ್ಮೂರು ಕಂಗ್ಟಿಯಿಂದ ಅವ್ವ ಬಂದಳು. ಹೊಲದ ಕೆಲಸವಲ್ಲದೆ ಬೇರೆ ಕಂಡವಳಲ್ಲ. ಅವಳನ್ನು ಅದೇ ಅಂಗಡಿಗೆ ಕರೆದೊಯ್ದೆ. ಬಿಸಿಲು ನಮ್ಮ ಬೆನ್ನಿಗಿತ್ತು. ಅವ್ವ ಗಾಜಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು.

"ಒಳಗ ಏನದ ಒಂದೂ ಕಾಣವಲ್ದು. ಬರೇ ಬಸ್ಸೇ ಕಾಣ್ತಾವ."

ಇನ್ನಷ್ಟು ಹತ್ತಿರ ಹೋಗಿ, ಸೆರಗನ್ನು ಹಣೆಯ ಮೇಲೆ ಮುಂದಕ್ಕೆಳೆದುಕೊಂಡಳು.

"ಈಗ ಕಾಣ್ತದ ನೋಡು. ನನ್ನ ನೆಳ್ಳು ಇದ್ದಲ್ಲಿ ಅಷ್ಟೇ."

ನಾನು ಅವಳ ಹಿಂದೆ ನಿಂತು ನೋಡಿದೆ. ಗಾಜಿನಲ್ಲಿ ಅವ್ವನ ಕಪ್ಪು ಆಕಾರ. ಅದರೊಳಗೆ ಮಾತ್ರ ಹಸಿರು ಸೀರೆ, ಅದರ ಜರಿಯಂಚು ನಿಚ್ಚಳ. ಆಕಾರದ ಆಚೆಗೆ ಬರೀ ಬೆಳ್ಳನೆಯ ರಸ್ತೆ. ಇಷ್ಟು ದಿನ ನಾನು ಒಳಗನ್ನೂ ಹೊರಗನ್ನೂ ಎಲ್ಲ ಕಡೆ ಸಮಸಮ ಬರೆದಿದ್ದೆ. ಕಣ್ಣು ಹಾಗೆ ನೋಡುವುದೇ ಇಲ್ಲ. ಪ್ರತಿಬಿಂಬ ಕಪ್ಪಾದಲ್ಲಿ ಒಳಗಿನದು ಕಾಣುತ್ತದೆ, ಬೆಳಗಿದಲ್ಲಿ ಮುಚ್ಚಿಹೋಗುತ್ತದೆ.

"ಅವ್ವಾ, ಹಂಗೇ ನಿಂದ್ರು," ಎಂದು ಚೀಲದಿಂದ ಪುಸ್ತಕ, ಪೆನ್ಸಿಲ್ ತೆಗೆದೆ.

"ಎಷ್ಟೊತ್ತು ನಿಂದ್ರಲಿ? ಬಿಸಲಾಗ ತಲಿ ಕಾಯ್ತದ."

ಗೊಣಗಿದಳೇ ಹೊರತು ಕದಲಲಿಲ್ಲ. ಅಂಗಡಿಯ ಕಾವಲುಗಾರ ಬಂದು ದಾರಿ ಬಿಡಿ ಎಂದಾಗ, ಮಗಳ ಕೆಲಸ ಮುಗಿಯುವ ತನಕ ಹೋಗುವುದಿಲ್ಲ ಎಂದು ತನಗೆ ಬರುವ ಉರ್ದುವಿನಲ್ಲಿ ಅವನಿಗೇ ತಿಳಿಹೇಳಿದಳು. ಅವನು ನಕ್ಕು ಸ್ಟೂಲೊಂದನ್ನು ತಂದಿಟ್ಟ. ಅವಳು ಕೂರಲಿಲ್ಲ. ಕೂತರೆ ನೆರಳು ಗಿಡ್ಡಾಗುತ್ತದೆ ಎಂದಳು.

ಆ ಚಿತ್ರ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಮೇಡಂ ಅದರ ಮುಂದೆ ನಿಂತವರು, ಗಾಜಿನ ಹೊಳಪು ತಪ್ಪಿಸಿ ನೋಡುವವರಂತೆ ತಲೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವರಿಗೇ ನಗು ಬಂತು. ನಮ್ಮ ತರಗತಿಯ ಪ್ರದರ್ಶನಕ್ಕೆ ಅದನ್ನು ಆರಿಸಿದರು. ಆ ಹೆಂಗಸಿಗೆ ಮುಖ ಬರೆದರೆ ಜನ ಇನ್ನೂ ಮೆಚ್ಚುತ್ತಾರೆ ಎಂದು ಒಂದಿಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ.

ಪ್ರದರ್ಶನಕ್ಕೆ ಬಂದ ಅವ್ವನೂ ಮೊದಲು ಕೇಳಿದ್ದು ಅದನ್ನೇ.

"ನನ್ನ ಮಾರಿ ಎಲ್ಲದ?"

"ಮಂದಿನೂ ಮಾರಿ ಬರಿ ಅಂತಾರ. ಬರದ್ರ ಸೀರಿ ಕಾಣಂಗಿಲ್ಲ ಅವ್ವಾ."

ಅವಳು ಚಿತ್ರದ ಹತ್ತಿರ ಹೋಗಿ ಹಸಿರು ಸೀರೆಯನ್ನು ನೋಡಿದಳು. "ಹಂಗಾರ ಬ್ಯಾಡ ಬಿಡು. ಎಲ್ಲಾರೂ ಹೇಳ್ತಾರಂತ ನೀ ಕೆಡಸಬ್ಯಾಡ."

ಈಗ ಜಹೀರಾಬಾದಿನ ಹೋಟೆಲೊಂದರ ಎದುರುಬದುರು ಕನ್ನಡಿಗಳನ್ನು ಬರೆಯುತ್ತಿದ್ದೇನೆ. ಆರು ವಾರವಾದರೂ ಹತೋಟಿಗೆ ಬಂದಿಲ್ಲ. ಈ ಭಾನುವಾರವೂ ಅಲ್ಲಿಗೇ ಹೋಗುತ್ತೇನೆ.