ಹೊಸ್ತಿಲ ಮೇಲಿನ ನಾಯಕನ ಪರವಾಗಿ

ಒಂದು ಹಳೆಯ ಕಾದಂಬರಿ ಇದೆ, ಅದರ ನಾಯಕನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಒಬ್ಬಳಿಗೆ ಮಾತು ಕೊಟ್ಟು ಸ್ಥಿತಿವಂತರ ಮನೆಗೆ ಅಳಿಯನಾಗುತ್ತಾನೆ. ಆ ಸಂಸಾರ ಕೆಟ್ಟ ಮೇಲೆ, ಕೊನೆಯ ಅಧ್ಯಾಯದಲ್ಲಿ, ಬರಿಗಾಲಲ್ಲಿ ನಡೆದು ಬಂದು ಮೊದಲನೆಯವಳ ಹೊಸ್ತಿಲ ಮೇಲೆ ಅಳುತ್ತಾನೆ. ಅವಳು ಬಾಗಿಲು ತೆಗೆಯುತ್ತಾಳೆ, ಪುಸ್ತಕ ಮುಗಿಯುತ್ತದೆ. ಕಾಲಿಗೆ ಗುಳ್ಳೆ ಎದ್ದರೆ ಪಾಪ ಇಳಿಯುತ್ತದೆ ಎಂದು ಬರೆದವರು ನಂಬಿದ್ದರೋ ಏನೋ.

ಗೋಕಾಕದ ಚರ್ಚಾಸ್ಪರ್ಧೆಯಲ್ಲಿ ವಿಷಯ ಇದೇ ಬಂತು: ಈ ನಾಯಕ ಕ್ಷಮೆಗೆ ಅರ್ಹನೇ? ಪರವೋ ವಿರೋಧವೋ ಚೀಟಿ ಎತ್ತಿ ತೀರ್ಮಾನ. ನನಗೆ ಬಂದದ್ದು ‘ಪರ’.

ಘೋಡಗೇರಿಯ ನಮ್ಮ ಮನೆಯಲ್ಲಿ ಇದನ್ನು ಕೇಳಿ ಅಕ್ಕ ನಗಲಿಲ್ಲ. ಎರಡು ವರ್ಷದ ಹಿಂದೆ ಮೂಡಲಗಿಯ ವರನೊಂದಿಗೆ ಅವಳ ನಿಶ್ಚಯವಾಗಿತ್ತು. ಮದುವೆಗೆ ತಿಂಗಳಿರುವಾಗ ಅವನಿಗೆ ಬೇರೆ ಕಡೆ ಮನಸ್ಸಾಯಿತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾವ ಹಿರಿಯರೆದುರು ನಿಶ್ಚಯದ ಸಕ್ಕರೆ ತಿಂದೆವೋ, ಮುರಿಯುವುದಿದ್ದರೆ ಅವರೆದುರೇ ಕೂತು ಬಾಯಿಬಿಟ್ಟು ಹೇಳಬೇಕು. ಅವನು ಹೇಳಿಬರಲು ತನ್ನ ಸೋದರಮಾವನನ್ನು ಬಸ್ಸು ಹತ್ತಿಸಿ ಕೈ ತೊಳೆದುಕೊಂಡಿದ್ದ. ಈಗ ಆ ಇನ್ನೊಂದು ಕಡೆಯದು ಕೂಡದೆ ಅಕ್ಕನಿಗೆ ಮೊಬೈಲಿನಲ್ಲಿ ಉದ್ದುದ್ದ ಬರೆಯತೊಡಗಿದ್ದ. ಅವ್ವ ಆಗಲೇ ಕರಗಿದ್ದಳು. ಅಕ್ಕ ರವಿವಾರದೊಳಗೆ ಹೂಂ ಅಥವಾ ಉಹೂಂ ಅನ್ನಬೇಕಿತ್ತು.

“ನಾನೂ ಬರ್ತೇನಿ ಕೇಳಾಕ,” ಅಂದಳು.

“ಅಕ್ಕಾ, ಅದು ಸ್ಪರ್ಧಾ. ನ್ಯಾಯ ಅಲ್ಲ.”

“ಇರಲಿ. ಅಂಥವನ ಪರ ಒಂದ ಖರೆ ಮಾತು ನಿನ್ನ ಬಾಯಾಗ ಬಂದ್ರ ನಾ ಹೂಂ ಅಂತೇನಿ.”

ಬೇಕೆಂದೇ ಸೋಲಬಹುದಿತ್ತು. ಆದರೆ ಪಾರಿತೋಷಕವನ್ನು ಮೇಜಿನ ಮೇಲೆ ಕಣ್ಣೆದುರಿಗೇ ಇಟ್ಟಿದ್ದರು. “ತಪ್ಪು ಒಪ್ಪಿಕೊಂಡು ಬಂದವನಿಗೆ ಬಾಗಿಲು ಮುಚ್ಚಿದರೆ, ನಾಳೆ ಒಪ್ಪಿಕೊಳ್ಳಲು ಯಾರು ಬರುತ್ತಾರೆ?” ಎಂದು ಕೇಳಿ, ಕಲಿತ ಪಾಠದಂತೆ ಮೂರೆಣಿಸುವಷ್ಟು ಹೊತ್ತು ಸುಮ್ಮನೆ ನಿಂತೆ. ನಿರ್ಣಾಯಕರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲ ಬಹುಮಾನ ನನಗೇ ಬಂತು. ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಊರಿಗೆ ಮರಳುವ ಬಸ್ಸು ಘಟಪ್ರಭಾ ದಾಟಿತು. ನನಗೋ ತೊಡೆಯ ಮೇಲಿನ ಪಾರಿತೋಷಕ ಬಿಸಿ ಬೋಗುಣಿಯಂತೆ ಸುಡುತ್ತಿತ್ತು.

“ಹೂಂ ಅನ್ನಾಕಿ ಏನ?” ತಡೆಯಲಾರದೆ ಕೇಳಿದೆ.

ಅವಳು ಮೊಬೈಲು ನನ್ನ ಕೈಗಿಟ್ಟಳು. ಮೂಡಲಗಿಯಿಂದ ಹಿಂದಿನ ವಾರ ಬಂದಿದ್ದ ಸಂದೇಶ: ತಪ್ಪು ಒಪ್ಪಿಕೊಂಡು ಬಂದವನಿಗೆ ನೀನೇ ಬಾಗಿಲು ಮುಚ್ಚಿದರೆ...

“ನಿಂದೂ ಅವಂದೂ ಒಂದ ಭಾಷಣ,” ಅಂದಳು. “ನಿನಗಾದ್ರ ಚೀಟಿ ಬಂದಿತ್ತು. ಅಂವಗ?”

 ಚರ್ಚೆಯ ತರಬೇತಿಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ.

“ಕಾದಂಬರ್ಯಾಂವ ಕಾಲು ಸುಟ್ಕೊಂಡಾದ್ರೂ ಬಂದ. ಇಂವ ಮೂಡಲಗ್ಯಾಗ ಕೂತು ಬೆರಳು ಆಡಸಾಕತ್ತಾನ,” ಎಂದು ಮೊಬೈಲು ಕಸಿದುಕೊಂಡು ಬರೆದಳು: ‘ರವಿವಾರ ಅದ ಹಿರ್ಯಾರ ಮುಂದ ನೀವ ಬಂದು ಕೂತು, ಮಾಡಿದ್ದು ಹೇಳ್ರಿ. ಆಮ್ಯಾಲ ನೋಡೂಣು.’

ರವಿವಾರ ಹುಕ್ಕೇರಿಯಿಂದ ಅದೇ ಹಿರಿಯರು ಬಂದರು. ಅವ್ವ ಉಪ್ಪಿಟ್ಟು ಮಾಡಿದಳು. ಹನ್ನೊಂದಕ್ಕೆ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಗೋಕಾಕದ ಕರದಂಟಿನ ಡಬ್ಬಿ ಹಿಡಿದು ಅದೇ ಸೋದರಮಾವ ನಿಂತಿದ್ದರು, ಒಬ್ಬರೇ.

“ಹುಡುಗಗ ಬಾಳ ನಾಚಿಕಿ ಆಗೇತ್ರಿ. ಅದಕ್ಕ ನಾನ ಬಂದ್ನಿ. ನೀವ ದೊಡ್ಡ ಮನಸ್ಸ ಮಾಡಬೇಕ.”

ಅವ್ವ ಡಬ್ಬಿಯನ್ನು ನನ್ನ ಕೈಲಿ ಒಳಗೆ ಕಳಿಸಿ ಅಕ್ಕನತ್ತ ನೋಡಿದಳು. ಅಕ್ಕ ಅವರಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು. ಕಪ್ಪು ಕೆಳಗಿಟ್ಟ ಮೇಲೆ ಬಾಗಿಲ ಕಡೆ ಕೈ ತೋರಿಸಿದಳು.

“ಮಾಮಾ, ಹೊಸ್ತಿಲಾ ಖಾಲಿ ಐತ್ರಿ. ಯಾರನ್ನ ಕ್ಷಮಸ್ಲಿ?”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಹಿ ತಿಂದರೆ ಒಪ್ಪಿದಂತೆ, ಹಾಗಾಗಿ ಡಬ್ಬಿ ವಾಪಸ್ಸು ಕೊಡಲು ಹೇಳಿದರು. ತರಲು ಅಡುಗೆಮನೆಗೆ ಹೋದವಳು ನಾನೇ. ಅದರಲ್ಲಿ ಒಂದು ತುಂಡು ಕಡಿಮೆ ಇತ್ತು. ನಾನಾಗಲೇ ತಿಂದುಬಿಟ್ಟಿದ್ದೆ, ಎಷ್ಟೆಂದರೂ ಅವನ ಪರ ವಾದಿಸಿದವಳು ನಾನೊಬ್ಬಳೇ ತಾನೆ.