ಖಾಲಿ ಕೋಣೆ ಕೊಟ್ಟ ಉತ್ತರ

1991ರ ನವೆಂಬರ್ ತಿಂಗಳ ಒಂದು ಸೋಮವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಹ್ಯಾರಿಸನ್ ಊರಿನ ನಮ್ಮ ಹಳೆಯ ಆಫೀಸಿನ ಬೀಗ ತೆಗೆದೆ. ಮರೆತುಬಂದಿದ್ದ ಗೋಡೆ ಗಡಿಯಾರವನ್ನು ತರುವುದಷ್ಟೇ ಕೆಲಸ. ಶುಕ್ರವಾರದಿಂದ ಯಾರೂ ಕಾಲಿಡದ ಆ ಕೋಣೆಯೊಳಗೆ ಯಾರೋ ಟೈಪ್ ಮಾಡುತ್ತಿದ್ದ ಸದ್ದು ಕೇಳಿಸಿತು.

ಆಗ ನಾನು ರಿಲೇ ಸೇವೆಯಲ್ಲಿ ಸೂಪರ್‌ವೈಸರ್. ಕಿವಿ ಕೇಳಿಸದವರ ಮನೆಗಳಲ್ಲಿ ಟಿಟಿವೈ ಎಂಬ ಯಂತ್ರ ಇರುತ್ತಿತ್ತು. ಅದು ಫೋನಿಗೆ ಜೋಡಿಸಿದ ಒಂದು ಟೈಪ್‌ರೈಟರ್. ಅವರು ಟೈಪ್ ಮಾಡಿದ್ದು ನಮ್ಮ ಯಂತ್ರದ ಕಾಗದದ ಮೇಲೆ ಮೂಡುತ್ತಿತ್ತು. ನಾವು ಅದನ್ನು ಡಾಕ್ಟರಿಗೋ ಅಂಗಡಿಗೋ ಫೋನಿನಲ್ಲಿ ಓದಿ ಹೇಳಿ, ಅವರ ಮಾತನ್ನು ಟೈಪ್ ಮಾಡಿ ಹಿಂದಿರುಗಿಸುತ್ತಿದ್ದೆವು. ಇಬ್ಬರೂ ಒಟ್ಟಿಗೆ ಟೈಪ್ ಮಾಡುವಂತಿಲ್ಲ. ‘ನನ್ನದು ಮುಗಿಯಿತು, ಈಗ ನೀನು’ ಎನ್ನಲು ‘ಜಿಎ’ ಎಂದು ಹೊಡೆಯಬೇಕು. ಮಾತುಕತೆಯೇ ಮುಗಿಯಿತು ಎನ್ನಲು ‘ಎಸ್‌ಕೆ’. ಎಸ್‌ಕೆ ಬಾರದೆ ಆಪರೇಟರ್ ಲೈನ್ ಬಿಡುವಂತಿರಲಿಲ್ಲ. ಇನ್ನೂ ದೊಡ್ಡ ನಿಯಮವೆಂದರೆ, ಕರೆ ಮುಗಿದೊಡನೆ ಕೇಳಿದ್ದನ್ನೆಲ್ಲ ಮರೆತುಬಿಡಬೇಕು. ನಾನು ಚೆನ್ನಾಗಿ ಮರೆಯುತ್ತೇನೆಂದು ನನಗೆ ಹೆಮ್ಮೆಯಿತ್ತು.

ನಮ್ಮದು ಹನ್ನೊಂದು ಜನರ ಪುಟ್ಟ ಸಂಸ್ಥೆ. ಆ ತಿಂಗಳು ಕ್ರ್ಯಾನ್‌ಬರಿಯ ದೊಡ್ಡ ರಿಲೇ ಕಂಪನಿಯೊಂದರ ಜೊತೆ ವಿಲೀನವಾಗಿ, ನಾವೆಲ್ಲ ಅಲ್ಲಿಗೆ ಹೋಗುವುದೆಂದಾಯಿತು. ನಮ್ಮ ನಂಬರುಗಳಿಗೆ ಬರುವ ಕರೆಗಳೆಲ್ಲ ಅಲ್ಲಿಗೆ ಹೋಗುವಂತೆ ಮಾಡಲು ಬಂದವರು ಅವರ ಎಂಜಿನಿಯರ್ ಬಸವರಾಜ್, ಗದಗಿನವರು.

“ಏನ್ರೀ ಪದ್ಮಾ ಮೇಡಂ, ನಿಮ್ಮ ಮ್ಯೂಸಿಯಂ ಬಂದ್ ಮಾಡೂದೈತಿ. ನಂಬರ್ ಲಿಸ್ಟ್ ಕೊಡ್ರಿ. ಒಂದೂ ಬಿಡಬ್ಯಾಡ್ರಿ ಮತ್ತ.”

“ಮೈಸೂರಿನವರು ಎರಡು ಸಲ ಚೆಕ್ ಮಾಡ್ತಾರೆ ಕಣ್ರೀ,” ಎಂದೆ.

ಐದು ನಂಬರ್ ಬರೆದುಕೊಟ್ಟೆ. ಆರನೆಯದೊಂದಿತ್ತು. ನಿಧಾನವಾಗಿ ಟೈಪ್ ಮಾಡುವ ವಯಸ್ಸಾದ ನಾಲ್ಕೈದು ಗ್ರಾಹಕರಿಗೆಂದು ಕಿಟಕಿ ಪಕ್ಕದ ಯಂತ್ರಕ್ಕೆ ಬೇರೆಯೇ ಲೈನ್ ಇಟ್ಟಿದ್ದೆವು. ಯಾವ ಬಿಲ್ಲಿನ ಮೇಲೂ ಕಾರ್ಡಿನ ಮೇಲೂ ಅಚ್ಚಾಗದ ಆ ನಂಬರ್ ನನ್ನ ತಲೆಯಿಂದ ಜಾರಿಹೋಯಿತು. ಗ್ರಾಹಕರ ವಿವರಗಳಿದ್ದ ಹಳೆಯ ಕಾರ್ಡುಗಳನ್ನು ಹೊಸ ಕಂಪನಿಯ ನಿಯಮದಂತೆ ಅದೇ ಸಂಜೆ ನಾನೇ ಶ್ರೆಡ್ ಮಾಡಿದೆ.

ಸೋಮವಾರ ಟೈಪ್ ಆಗುತ್ತಿದ್ದುದು ಆ ಯಂತ್ರ. ಮೇಜುಗಳಿದ್ದ ಕಡೆ ಕಾರ್ಪೆಟ್ಟಿನ ಮೇಲೆ ಕಡುಬಣ್ಣದ ಚೌಕಗಳು ಮಾತ್ರ ಉಳಿದಿದ್ದವು. ನೆಲದ ಮೇಲಿಟ್ಟಿದ್ದ ಯಂತ್ರದಿಂದ ಕಾಗದ ಸುರುಳಿ ಸುರುಳಿಯಾಗಿ ಹೊರಬಂದು ಬಾಗಿಲವರೆಗೂ ಹರಡಿತ್ತು. ಒಳಗೆ ಕಾಲಿಟ್ಟೊಡನೆ ಸದ್ದು ನಿಂತಿತು. ಯಾರೋ ನನ್ನನ್ನು ಕಂಡು ಮಾತು ನಿಲ್ಲಿಸಿದ ಹಾಗೆ.

ಊಟದ ಹೊತ್ತಿಗೆಂದು ಆ ಯಂತ್ರಕ್ಕೆ ನಾನೊಂದು ಉತ್ತರ ತುಂಬಿಟ್ಟಿದ್ದೆ. ಕರೆ ಬಂದರೆ ಅದು ತಾನೇ ಎತ್ತಿಕೊಂಡು ಟೈಪ್ ಮಾಡುತ್ತಿತ್ತು: ‘ರಿಲೇ ಸೇವೆ. ದಯವಿಟ್ಟು ಕಾಯಿರಿ. ಜಿಎ.’ ಆ ಕೊನೆಯ ಜಿಎ ನನ್ನ ಬೆರಳುಗಳ ಅಭ್ಯಾಸ. ಜಿಎ ಕಂಡರೆ ಎದುರಿಗೆ ಮನುಷ್ಯರಿದ್ದಾರೆ, ಈಗ ನನ್ನ ಸರದಿ ಎಂದೇ ಅರ್ಥ. ಮೂರು ದಿನದಿಂದ ಜನ ಆ ಖಾಲಿ ಕೋಣೆಯೊಡನೆ ಮಾತಾಡಿದ್ದರು. ದಂತವೈದ್ಯರ ಅಪಾಯಿಂಟ್‌ಮೆಂಟ್. ಮಗಳ ಹುಟ್ಟುಹಬ್ಬ. ‘ಇದ್ದೀರಾ? ಜಿಎ.’ ಪ್ರತಿ ಸಲವೂ ನನ್ನದೇ ಉತ್ತರ. ಕಾಯಿರಿ. ಜಿಎ.

ಕಾಗದದ ಕೊನೆಯ ಭಾಗ ರೂತ್ ಎಂಬಾಕೆಯದು. ಮೆಟುಚೆನ್‌ನಲ್ಲಿ ಒಬ್ಬರೇ ಇದ್ದ, ಎಪ್ಪತ್ತು ದಾಟಿದ ನಿವೃತ್ತ ದರ್ಜಿ. ನಾಲ್ಕು ವರ್ಷ ಅವರ ಕರೆಗಳನ್ನು ಮಾಡಿದ್ದೆ. ಅವರು ಬರೆದದ್ದು ಇಷ್ಟು:

‘ಗ್ಯಾಸ್ ಕಂಪನಿಗೆ ಕಾಲ್ ಮಾಡಿ. ಅಡಿಗೆಮನೆಯಲ್ಲಿ ವಾಸನೆ. ಜಿಎ.’

‘ವಾಸನೆ ಜಾಸ್ತಿ. ನೀವು ಕಾಯಲು ಹೇಳಿದಿರಿ. ಕಾಯುತ್ತಿದ್ದೇನೆ. ಜಿಎ.’

‘ತಲೆ ಸುತ್ತುತ್ತಿದೆ. ಸೋಫಾದಲ್ಲಿ ಇರುತ್ತೇನೆ. ಜಿಎ.’

ಎಸ್‌ಕೆ ಇರಲಿಲ್ಲ.

ನೆಲದ ಮೇಲೆ ಕೂತು ಟೈಪ್ ಮಾಡಿದೆ: ‘ರೂತ್, ನಾನು ಪದ್ಮಾ. ಈಗಲೇ ಹೊರಗೆ ಹೋಗಿ. ಜಿಎ.’ ಅವರು ಫೋನ್ ಇಟ್ಟು ಲೈನ್ ಆಗಲೇ ಕಡಿದಿತ್ತು. ನನ್ನ ಮಾತು ನನ್ನ ಕಾಗದದ ಮೇಲೆ ಮಾತ್ರ ಮೂಡಿತು. ನಾಲ್ಕು ವರ್ಷದಲ್ಲಿ ಬೆರಳಿಗೇ ಅಭ್ಯಾಸವಾಗಿದ್ದ ಅವರ ನಂಬರಿಗೆ ಡಯಲ್ ಮಾಡಿದೆ. ಎಂಟು ರಿಂಗ್. ಎತ್ತಲಿಲ್ಲ. ಮತ್ತೆ ಮಾಡಿದೆ. ಆರು ರಿಂಗ್. ಗೋಡೆಯಲ್ಲಿದ್ದ ಇನ್ನೊಂದು ಫೋನಿನಿಂದ ಕ್ರ್ಯಾನ್‌ಬರಿಗೆ ಫೋನ್ ಮಾಡಿ ಬಸವರಾಜ್‌ಗೆ ವಿಷಯವನ್ನೂ ರೂತ್ ನಂಬರನ್ನೂ ಹೇಳಿದೆ.

“ನೀವು 911ಕ್ಕ ಹಚ್ರಿ,” ಎಂದರು. “ನಾ ಇಲ್ಲಿಂದ ಆಕಿಗೆ ಬಿಡದಂಗ ರಿಂಗ್ ಮಾಡತೇನಿ. ಎಚ್ಚರ ಆಗ್ತಾರ.” ಅವರು ಇನ್ನೊಂದು ಫೋನಿನಲ್ಲಿ ನಂಬರ್ ಒತ್ತುತ್ತಿದ್ದುದು ನನಗೆ ಕೇಳಿಸಿತು.

ಕಿವಿ ಕೇಳಿಸದವರು ಎಚ್ಚರವಾಗುವುದು ಹೇಗೆ? ಹಾಗೆ ಯೋಚಿಸಿದಾಗಲೇ ನೆನಪಾದದ್ದು. ರೂತ್ ಒಮ್ಮೆ ತಮಾಷೆಯಾಗಿ ಬರೆದಿದ್ದರು: ‘ಫೋನ್ ಬಂದರೂ ಡೋರ್‌ಬೆಲ್ ಒತ್ತಿದರೂ ನನ್ನ ದೀಪ ಕಣ್ಣು ಹೊಡೆಯುತ್ತೆ.’

“ಇಡ್ರೀ ಫೋನು! ಬಸವರಾಜ್, ರಿಂಗ್ ಮಾಡ್ಬೇಡಿ! ಅವರ ಮನೇಲಿ ದೀಪ ಹತ್ತುತ್ತೆ!”

“ದೀಪ ಹತ್ತಿದ್ರ ಛಲೋನ ಆತಲ್ರೀ, ನೋಡಿ ಏಳತಾರ...” ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಗ್ಯಾಸ್ ತುಂಬಿದ ಮನೆಯಲ್ಲಿ ದೀಪದ ಸ್ವಿಚ್ ಮುಟ್ಟಬಾರದೆಂಬುದು ಎಂಜಿನಿಯರಿಗೆ ಹೇಳಿಕೊಡಬೇಕಾದ್ದಲ್ಲ. ಒಂದು ಕಿಡಿ ಸಾಕು.

“ಅಯ್ಯೋ ಶಿವನ,” ಎಂದರು ಮೆಲ್ಲಗೆ. “ಒಂದ್ ರಿಂಗ್ ಹೋತ್ರೀ.”

ನನ್ನವು ಹದಿನಾಲ್ಕು. ಒಟ್ಟು ಹದಿನೈದು ಸಲ ನಾವಿಬ್ಬರೂ ಆ ಮನೆಯೊಳಗೆ ಕಿಡಿ ಹಾರಿಸಲು ನೋಡಿದ್ದೆವು.

911ಕ್ಕೆ ಫೋನ್ ಮಾಡಿದೆ. ತುರ್ತು ಸೇವೆಯವರು ವಿಳಾಸ ಕೇಳಿದರು. ಕಾರ್ಡು ಇರಲಿಲ್ಲ. ಕಣ್ಣು ಮುಚ್ಚಿದೆ. ಪ್ರತಿ ತಿಂಗಳು ರೂತ್ ಔಷಧಿ ಅಂಗಡಿಗೆ ಆರ್ಡರ್ ಕೊಡುತ್ತಿದ್ದರು. ಅದನ್ನು ಓದಿ ಹೇಳುತ್ತಿದ್ದುದು ನಾನು. ಮರೆತಿದ್ದೇನೆಂದುಕೊಂಡಿದ್ದ ಮಾತು ನನ್ನದೇ ದನಿಯಲ್ಲಿ ಬಾಯಿಂದ ಹೊರಬಂತು: ಬೀದಿಯ ಹೆಸರು, ಮನೆ ನಂಬರ್, ‘ಹಿಂದಿನ ಬಾಗಿಲ ಬಳಿ ಇಡಿ.’

“ಬೆಲ್ ಒತ್ತಬೇಡಿ,” ಎಂದು ಮೂರು ಸಲ ಹೇಳಿದೆ. “ಆಕೆಗೆ ಕಿವಿ ಕೇಳಿಸಲ್ಲ. ಬೆಲ್ಲಿಗೆ ದೀಪ ಹತ್ತುತ್ತೆ.”

ನಲವತ್ತು ನಿಮಿಷ ಡ್ರೈವ್ ಮಾಡಿ ಅಲ್ಲಿ ತಲುಪಿದಾಗ ಬೀದಿ ಮುಚ್ಚಿತ್ತು. ಅಕ್ಕಪಕ್ಕದವರೆಲ್ಲ ಕೋಟು ಹೊದ್ದು ಎದುರು ಫುಟ್‌ಪಾತಿನಲ್ಲಿ ನಿಂತಿದ್ದರು. ಅಗ್ನಿಶಾಮಕದವರು ಹಿಂದಿನ ಬಾಗಿಲು ಮುರಿದು ರೂತ್‌ರನ್ನು ಹೊರತಂದು ಆಸ್ಪತ್ರೆಗೆ ಕಳಿಸಿದ್ದರು. ಜೀವ ಇತ್ತು. ಕಿಟಕಿಗಳನ್ನೆಲ್ಲ ತೆರೆದ ಆ ಮನೆಯ ಮುಂಬಾಗಿಲಲ್ಲಿ ಬೆಲ್ಲಿನ ಗುಂಡಿ ಹೊಳೆಯುತ್ತಿತ್ತು. ಸೋಫಾದ ಪಕ್ಕದಲ್ಲಿದ್ದ ಆ ದೀಪ ಯಾಕೆ ಕಿಡಿ ಹಾರಿಸಲಿಲ್ಲ ಎಂದು ಅಧಿಕಾರಿಯನ್ನು ಕೇಳಿದೆ. ಮುಂದಿನ ಕೋಣೆಗೆ ಗ್ಯಾಸ್ ಇನ್ನೂ ಅಷ್ಟು ತುಂಬಿರಲಿಲ್ಲ, ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಗ್ಯಾರಂಟಿ ಕೊಡಲಾಗುತ್ತಿರಲಿಲ್ಲ ಎಂದರು.

ವಾರದ ನಂತರ ಆಸ್ಪತ್ರೆಯಲ್ಲಿ ರೂತ್ ಒಂದು ಚೀಟಿಯಲ್ಲಿ ಬರೆದು ತೋರಿಸಿದರು: ‘ದೀಪ ಮಿನುಗಿದ್ದು ನೋಡಿದೆ. ಏಳಲಾಗಲಿಲ್ಲ. ಕೊನೆಗೂ ನೀವು ಬಂದಿರಿ ಅಂತ ಖುಷಿಯಾಯಿತು.’

ಆ ಚೀಟಿಯನ್ನು ಓದಿ ನಾನು ನಿದ್ದೆ ಕಳೆದುಕೊಂಡೆ. ಕಣ್ಣು ಮುಚ್ಚಿದರೆ ಆ ದೀಪ. ಒಂದು, ಎರಡು, ಮೂರು... ಹದಿನೈದಕ್ಕೆ ಎದ್ದು ಕೂರುತ್ತಿದ್ದೆ. ಇವತ್ತಿಗೂ ಎಲ್ಲಾದರೂ ಫೋನ್ ಸುಮ್ಮನೆ ರಿಂಗ್ ಆಗುತ್ತಿದ್ದರೆ ಎಣಿಸುತ್ತೇನೆ.

ಲಿಸ್ಟಿನಲ್ಲಿ ನಂಬರ್ ಬಿಟ್ಟವಳು ನಾನೆಂದು ವರದಿಯಲ್ಲಿ ಬರೆದುಕೊಟ್ಟೆ. “ಲೈನ್ ಎಷ್ಟದಾವ ಅಂತ ಗ್ವಾಡ್ಯಾಗಿನ ವೈರ್ ನೋಡಿ ಎಣಿಸಬೇಕಾದಾಂವ ನಾನು,” ಎಂದು ಬಸವರಾಜ್ ಅದರ ಕೆಳಗೆ ತಮ್ಮ ಹೆಸರನ್ನೂ ಸೇರಿಸಿದರು. ಆ ನಂಬರ್ ಈಗ ಕ್ರ್ಯಾನ್‌ಬರಿಗೆ ಬಂತು, ಮನುಷ್ಯರೇ ಎತ್ತುವಂತೆ. ತಾನೇ ಉತ್ತರಿಸುವ ಯಂತ್ರಗಳಿಂದ ‘ಕಾಯಿರಿ’ಯನ್ನೂ ‘ಜಿಎ’ಯನ್ನೂ ಅಳಿಸಿ, ‘ಇಲ್ಲಿ ಈಗ ಯಾರೂ ಇಲ್ಲ’ ಎಂದು ಹಾಕಿಸಿದೆ. ಗ್ರಾಹಕರಿಗೆ ಬೇಸರವಾಗುತ್ತದೆ ಎಂದು ಮ್ಯಾನೇಜರ್ ಗೊಣಗಿದರು. ಆಗಲಿ ಎಂದೆ. ಇಪ್ಪತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಅದನ್ನೇ. ಯಾರೂ ಇಲ್ಲದ ಕಡೆ ಇದ್ದೇವೆಂದು ಹೇಳಬಾರದು. ಜನ ನಂಬಿ ಕೂರುತ್ತಾರೆ.

ಏಪ್ರಿಲ್‌ನ ಒಂದು ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ, ಆ ಲೈನಿನ ಕರೆ ನನ್ನ ಮೇಜಿಗೇ ಬಂತು. ರೂತ್. ಔಷಧಿ ಅಂಗಡಿಗೆ ಮಾಮೂಲಿ ಆರ್ಡರ್, ಹಿಂದಿನ ಬಾಗಿಲ ಬಳಿ ಇಡಿ. ಅಂಗಡಿಯವರು ಫೋನ್ ಇಟ್ಟರು. ರೂತ್ ನಿಧಾನವಾಗಿ, ಎರಡು ಸಲ ಟೈಪ್ ಮಾಡಿದರು: ಎಸ್‌ಕೆ, ಎಸ್‌ಕೆ.

ಎಸ್‌ಕೆ ಬಾರದೆ ನವೆಂಬರಿನಿಂದ ನನ್ನೊಳಗೆ ತೆರೆದೇ ಇದ್ದ ಕರೆ ಅದು. ನಾನೂ ಎಸ್‌ಕೆ ಹೊಡೆದು ಲೈನ್ ಬಿಟ್ಟೆ. ಆ ರಾತ್ರಿ ಮಲಗಿದವಳು ಎದ್ದಾಗ ಬೆಳಗ್ಗೆ ಏಳು ಗಂಟೆಯಾಗಿತ್ತು.