ಊರಿಗೆ ಹೋಗಿದ್ದಾಳೆ

ಮಸ್ಕತ್ತಿನ ಹಮ್ರಿಯಾದಲ್ಲಿ ನಾವು ಸಾಮಾನು ಕೊಳ್ಳುವ ಕಿರಾಣಿ ಅಂಗಡಿಯಲ್ಲಿ ಶನಿವಾರ ಬೆಳಿಗ್ಗೆ ಕರಿಬೇವಿನ ಪೆಟ್ಟಿಗೆ ಒಡೆಯುತ್ತಾರೆ. ವಿಮಾನದಲ್ಲಿ ಬಂದ ಸೊಪ್ಪು. ಪಟ್ಟಿ ಕತ್ತರಿಸಿದ ಕೂಡಲೇ ಅದರ ವಾಸನೆ ಅಂಗಡಿಯನ್ನೆಲ್ಲ ತುಂಬುತ್ತದೆ. ಮೊನ್ನೆ ನಾನು ಅದರ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆನೆಂದು ಕಾಣುತ್ತದೆ. ಅಂಗಡಿಯ ಅಬ್ದುಲ್ಲ, ಕಾಸರಗೋಡಿನವನು, ಕೇಳಿದ: "ಮೇಡಂ ಇನ್ನೂ ಬರ್ಲಿಲ್ವಾ ಸರ್? ಈ ಸಲ ತುಂಬಾ ಲಾಂಗ್ ಆಯ್ತಲ್ಲ ಮಾರಾಯ್ರೆ."

"ಊರಿಗೆ ಹೋಗಿದ್ದಾಳೆ" ಎಂದೆ.

ಮಸ್ಕತ್ತಿನಲ್ಲಿ ಇದಕ್ಕಿಂತ ಸಹಜವಾದ ಉತ್ತರ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಶಾಲೆಗೆ ರಜೆ ಬಿದ್ದರೆ ಹೆಂಡಿರು ಮಕ್ಕಳು ಊರಿಗೆ ಹೊರಡುತ್ತಾರೆ. ಗಂಡಸರು ನಾವು ಸುಟ್ಟ ಚಪಾತಿ ತಿನ್ನುತ್ತಾ ಉಳಿಯುತ್ತೇವೆ. ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಆಗಸ್ಟಿನಲ್ಲಿ ಎಲ್ಲರೂ ಮರಳಿದಾಗ ಮಾತ್ರ ನಾನು ಸ್ವಲ್ಪ ಕಷ್ಟಪಟ್ಟು, ಅವಳ ತಾಯಿಗೆ ಹುಷಾರಿಲ್ಲ ಎಂದೆ. ಈಗ ಡಿಸೆಂಬರ್.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಚಹಾಕ್ಕಿಟ್ಟು, "ಸ್ವಲ್ಪ ಕೂಡ್ತೀನ್ರಿ" ಎಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಚಹಾ ಉಕ್ಕಿತು. ಅವಳು ಏಳಲಿಲ್ಲ. ನಾನು ಹೇಳುವುದು ಪೂರ್ತಿ ಸುಳ್ಳೂ ಅಲ್ಲ, ನೋಡಿ. ಅವಳು ಹೋದದ್ದು ನಮ್ಮೂರು ಬಾಗಲಕೋಟೆಗೇ, ನಾನು ಕೂತಿದ್ದ ವಿಮಾನದಲ್ಲೇ, ಕೆಳಗೆ ಸಾಮಾನು ತುಂಬುವ ಕಡೆ ಪೆಟ್ಟಿಗೆಯೊಳಗೆ. ಆಫೀಸಿನವರಿಗೆ ಗೊತ್ತು, ಕಾಗದಪತ್ರ ಓಡಾಡಿ ಮಾಡಿಸಿದವರೇ ಅವರು. ಆದರೆ ಅಬ್ದುಲ್ಲನಂಥ ಕೆಲವರಿಗಾದರೂ ಅವಳು ಇನ್ನೂ ಬರಬೇಕಾದವಳು. ಅವರು ಕಾಯುತ್ತಿರುವಷ್ಟು ದಿನ ನನಗೂ ಕಾಯಲು ಅನುಮತಿ ಇದ್ದಂತೆ.

ಸೊಪ್ಪು ಕೊಳ್ಳದೆ ಟ್ಯಾಕ್ಸಿ ಹಿಡಿದು ಮತ್ರಾಕ್ಕೆ ಹೋದೆ.

ಅಲ್ಲಿ ಬಂದರಿನ ಹಿಂದಿನ ಓಣಿಯಲ್ಲಿ ಹಳೆಯ ವ್ಯಾಪಾರಿಯೊಬ್ಬನ ಮೂರಂತಸ್ತಿನ ಮನೆಯಿದೆ. ಕೆತ್ತಿದ ಬಾಗಿಲು, ಸುಣ್ಣದ ದಪ್ಪ ಗೋಡೆ. ಯುರೋಪಿನಲ್ಲಿ ಓದಿ ಬಂದ ಮೊಮ್ಮಗ ತಾನು ಮೆಚ್ಚಿದ ಹದಿನೆಂಟನೆಯ ಶತಮಾನದ ಅಲ್ಲಿನ ಒಬ್ಬ ದಾರ್ಶನಿಕನ ನೆನಪಿಗೆ ಅದನ್ನು ಮ್ಯೂಸಿಯಂ ಮಾಡಿದ್ದಾನೆ. ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಮೊದಲು ಒಳಹೊಕ್ಕದ್ದು ಜ್ಞಾನದ ಹಸಿವಿನಿಂದಲ್ಲ. ಜೂನ್ ಬಿಸಿಲು, ಒಳಗೆ ಏಸಿ, ಟಿಕೆಟ್ ಇಲ್ಲ. ಆದರೂ ನಾನು ಗೋಡೆಯ ಮೇಲಿನ ಇಂಗ್ಲಿಷ್ ಬರಹಗಳನ್ನು ಅವಳಿಗೆ ಗಂಭೀರವಾಗಿ ವಿವರಿಸತೊಡಗಿದೆ. ನನಗೂ ಅರ್ಧ ಅರ್ಥವಾಗುತ್ತಿರಲಿಲ್ಲ.

"ಇವ್ರು ಮಸ್ಕತ್ತಿಗೆ ಬಂದಿದ್ರೇನ್ರಿ?"

"ಇಲ್ಲ."

"ಬರಲಾರ್ದವ್ರಿಗೆ ಇಷ್ಟು ದೊಡ್ಡ ಮನಿ! ನಮಗ ಇಷ್ಟು ವರ್ಷ ಆತು, ಒಂದು ಬೆಡ್‌ರೂಮು."

ಕೊನೆಯ ಕೋಣೆಯಲ್ಲಿ ಆ ದಾರ್ಶನಿಕನ ಕೊನೆಯ ದಿನಗಳ ಕಥೆಯಿತ್ತು. ಗೆಳೆಯರು ಬರುತ್ತಿದ್ದರು, ಅವನು ನಗಿಸುತ್ತಿದ್ದ. ಆದರೆ ತಾನು ಸಾಯುತ್ತಿದ್ದೇನೆ, ಆಮೇಲೆ ಏನೂ ಇಲ್ಲ ಎಂಬುದನ್ನು ಯಾರಿಂದಲೂ ಮುಚ್ಚಿಡಲಿಲ್ಲವಂತೆ. ನಾನು ಇದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ.

"ಬಂದವ್ರ ಸಮಾಧಾನಕ್ಕರೆ ಒಂದು ಸುಳ್ಳ ಹೇಳಬಾರ್ದಿತ್ತೇನು?"

"ಅವನು ವಿಚಾರವಾದಿ."

"ಮದಿವಿ ಆಗಿರ್ಲಿಲ್ಲಂತ ನೀವೇ ಓದಿದ್ರಲ್ಲ. ಅದಕ್ಕ ಕಲೀಲಿಲ್ಲ."

ಕಾವಲುಗಾರ ಸಲೀಂ ನಮ್ಮ ನಗು ಕೇಳಿ ಒಳಗೆ ಇಣುಕಿದ್ದ. ಆತ ಮತ್ರಾದ ಒಮಾನಿ, ವಯಸ್ಸಾದವನು, ಬಂದರಿನಲ್ಲಿ ದುಡಿಯುತ್ತಾ ಹಿಂದಿ ಕಲಿತವನು. ಅಂದಿನಿಂದ ಅವಳಿಗಾಗಿ ಕಿಟಕಿಯ ಬಳಿ ತನ್ನ ಪ್ಲಾಸ್ಟಿಕ್ ಕುರ್ಚಿ ತಂದಿಡುತ್ತಿದ್ದ. ಅವಳು ಅಲ್ಲಿ ಕೂತು ಹಡಗು ನೋಡುತ್ತಿದ್ದಳು. ನಾನು ಓದುತ್ತಿದ್ದೆ, ಅಥವಾ ಓದುವವನಂತೆ ನಿಂತು ಅವಳನ್ನು ನೋಡುತ್ತಿದ್ದೆ. ಇಷ್ಟೇ. ಹೇಳಿಕೊಳ್ಳುವಂಥ ಬೇರೆ ಯಾವ ಸುಖವೂ ನನಗೆ ಈ ಊರಿನಲ್ಲಿ ನೆನಪಾಗುವುದಿಲ್ಲ.

ಮೊನ್ನೆ ಸಲೀಂ ನನ್ನನ್ನು ಕಂಡವನೇ ಗೆಳೆಯಾ ಎಂದು ಅರಬ್ಬಿಯಲ್ಲಿ ಕೂಗಿ ಕೈ ಎತ್ತಿದ. "ಅರೇ ಸದೀಕ್! ಕಿತ್ನಾ ಮಹೀನಾ! ಮೇಡಂ ಕಿಧರ್?"

ಊರಿಗೆ ಹೋಗಿದ್ದಾಳೆ ಎಂಬ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಸಲೀಂ ಆಗಲೇ ನನ್ನ ಹಿಂದೆ ಕತ್ತು ಚಾಚಿ ಮೆಟ್ಟಿಲ ಕಡೆ ನೋಡುತ್ತಿದ್ದ. ಅವಳು ಮಂಡಿನೋವಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆಂದುಕೊಂಡಿದ್ದ. ಆ ಖಾಲಿ ಮೆಟ್ಟಿಲುಗಳನ್ನು ಇನ್ನೊಬ್ಬ ಮನುಷ್ಯ ಅಷ್ಟು ಆಸೆಯಿಂದ ನೋಡುವುದನ್ನು ನಾನು ತಾಳಲಾರದೆ ಹೋದೆ.

"ವೋ ನಹೀಂ ಆಯೇಗೀ, ಸಲೀಂ ಭಾಯ್" ಎಂದೆ. "ಮರ್ ಗಯೀ. ಮೇ ಮಹೀನೇ ಮೇಂ."

ಈ ಊರಿನಲ್ಲಿ ಅವಳು ಸತ್ತಳೆಂಬ ಮಾತನ್ನು ನಾನು ನನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಹೇಳಿದ್ದೂ ನನ್ನದಲ್ಲದ, ಅವನದೂ ಅಲ್ಲದ ಭಾಷೆಯಲ್ಲಿ. ಹೇಳಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಯಾವ ದಾರಿಯೂ ಇರಲಿಲ್ಲ.

"ಅಲ್ಲಾಹ್ ಯರ್ಹಮ್‌ಹಾ" ಎಂದ ಸಲೀಂ, ದೇವರು ಅವಳಿಗೆ ಕರುಣೆ ತೋರಲಿ ಎಂದು. ನನ್ನ ಮಣಿಕಟ್ಟು ಹಿಡಿದು ಕೊನೆಯ ಕೋಣೆಗೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ, ಹೊರಗೆ ಹೋದ. ನಾನು ಅತ್ತೆ. ಏಳು ತಿಂಗಳು ಅತ್ತಿರಲಿಲ್ಲ.

ಹೊರಗೆ ಹಡಗಿನಿಂದಿಳಿದ ಪ್ರವಾಸಿಗರ ಗುಂಪೊಂದು ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ಆಮೇಲೆ ಬಾಗಿಲಿಗಡ್ಡ ನಿಂತ ಸಲೀಮನ ದನಿ: "ನೋ, ನೋ. ಕ್ಲೋಸ್ಡ್. ವೆಟ್ ಪೇಂಟ್, ವೆಟ್ ಪೇಂಟ್. ಟುಮಾರೋ ಕಮ್."

ನಾನು ಗೋಡೆಗೆ ಕೈ ಊರಿ ಎದ್ದೆ. ಸುಣ್ಣ ಒಣಗಿ ಎಷ್ಟೋ ವರ್ಷಗಳಾಗಿದ್ದವು.